ತೀರ್ಪು ಬರಲೆಂದು ಕಾಯಬೇಡಿ

ಮನೆಯವರ ಮೇಲೆ ಹಲ್ಲೆಯೋ ಆಸಿಡ್ ದಾಳಿಯೋ ನಡೆದು, ಆಸ್ಪತ್ರೆಗೆ ಸಾಲ ಮಾಡಿದವರೂ "ಕೇಸು ಮುಗಿಯಲಿ, ಪರಿಹಾರ ಆಮೇಲೆ ನೋಡೋಣ" ಎನ್ನುತ್ತಾರೆ. ದಯವಿಟ್ಟು ಹಾಗೆ ಕೂರಬೇಡಿ. ಕೇಸು ಮುಗಿಯುವುದು ಯಾವ ಕಾಲಕ್ಕೋ! ಅಪರಾಧಿ ಯಾರೆಂದು ಪತ್ತೆಯೇ ಆಗದೆ ವಿಚಾರಣೆ ನಡೆಯದಿದ್ದರೂ ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಬಹುದು. ತುರ್ತಿದ್ದರೆ ಮಧ್ಯಂತರ ಪರಿಹಾರ ಕೇಳಲೂ ದಾರಿಯಿದೆ.

ಕರ್ನಾಟಕದಲ್ಲಿ ಸಂತ್ರಸ್ತರ ಪರಿಹಾರ ಯೋಜನೆ 2011ರಿಂದಲೇ ಇದೆ. ಈಗ ಅದಕ್ಕೆ ಆಧಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ಅರ್ಜಿ ಕೊಡಬೇಕಾದದ್ದು ಪೊಲೀಸ್ ಠಾಣೆಗಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಎರಡು ತಿಂಗಳಲ್ಲಿ ಅವರು ವಿಚಾರಣೆ ಮುಗಿಸಬೇಕೆಂದು ಕಾನೂನೇ ಹೇಳುತ್ತದೆ. ದಾರಿ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ.

ಕಾಗದಗಳ ವಿಷಯದಲ್ಲಿ ಮಾತ್ರ ತುಸು ಜೋಪಾನ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಲೇಬೇಕು, ಕೇಳಿ ಪಡೆಯಿರಿ. ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಚೀಟಿ, ಔಷಧಿ ಅಂಗಡಿಯ ಸಣ್ಣ ಬಿಲ್ಲು, ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಬಿಲ್ಲಿನ ಅಕ್ಷರ ಬೇಗ ಮಾಸುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ. ಆಸಿಡ್ ದಾಳಿ ಅಥವಾ ಅತ್ಯಾಚಾರಕ್ಕೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಮುಂಗಡ ಕಟ್ಟಿ ಎಂದರೆ ಒಪ್ಪಬೇಡಿ.

"ಹಣ ಮಂಜೂರು ಮಾಡಿಸಿಕೊಡ್ತೀನಿ, ಇಷ್ಟು ಪಾಲು ಕೊಡಿ" ಎನ್ನುವವರು ಕೋರ್ಟಿನ ಬಾಗಿಲಲ್ಲೇ ಸಿಗಬಹುದು. ಅವರಿಗೆ ಒಂದು ಕಾಗದವನ್ನೂ ಕೊಡದೆ, ನೇರ ಪ್ರಾಧಿಕಾರದ ಕಚೇರಿಗೇ ಹೋಗಿ.