ಶಕ್ತಿಯುತ ವಾಹನಗಳ ಹಿಂಬದಿ ಕಂಟ್ರೋಲ್ ಆರ್ಮ್: ಆಯ್ಕೆಯ ಕ್ರಮ ಮತ್ತು ವೆಚ್ಚದ ಲೆಕ್ಕ

ಘಟ್ಟದ ಮೇಲಿನ ಜಿಲ್ಲೆಗಳಿಂದ ಧರ್ಮಸ್ಥಳಕ್ಕೆ ಯಾತ್ರಿಕರನ್ನು ಕರೆತರುವ ಬಾಡಿಗೆ ವಾಹನಗಳು ಸಾಮಾನ್ಯವಾಗಿ ಚಾರ್ಮಾಡಿ ಅಥವಾ ಶಿರಾಡಿ ಘಾಟಿಯನ್ನು ಹಾದುಹೋಗುತ್ತವೆ. ಇವುಗಳಲ್ಲಿ ಬಿಡದಿಯಲ್ಲಿ ತಯಾರಾದ ಇನ್ನೋವಾ ಎಲ್ಲರಿಗೂ ಪರಿಚಿತ. 2005ರಲ್ಲಿ ಬಂದ 2.5 ಲೀಟರ್ ಡೀಸೆಲ್ ಇನ್ನೋವಾದ ಟಾರ್ಕ್ 200 ನ್ಯೂಟನ್ ಮೀಟರ್. 2016ರಲ್ಲಿ ಬಂದ 2.4 ಲೀಟರ್ ಡೀಸೆಲ್ ಕ್ರಿಸ್ಟಾದ ಟಾರ್ಕ್ 343. ಗೇರ್ ಅನುಪಾತ ಒಂದೇ ಎಂದು ಗಣಿಸಿದರೆ ಹಿಂಬದಿ ಆರ್ಮ್‌ಗಳ ಮೇಲಿನ ಎಳೆತ ಸುಮಾರು 1.7 ಪಟ್ಟು ಹೆಚ್ಚುತ್ತದೆ. ಆದುದರಿಂದ ಈ ಬಿಡಿಭಾಗದ ಆಯ್ಕೆಯಲ್ಲಿ ಬೆಲೆಯೊಂದನ್ನೇ ನೋಡುವುದು ಯುಕ್ತವಲ್ಲ.

ಆರ್ಮ್‌ನ ಕಾರ್ಯ

ಇನ್ನೋವಾದ ಹಿಂಬದಿ ಹೌಸಿಂಗನ್ನು ಎರಡು ಮೇಲಿನ ಆರ್ಮ್, ಎರಡು ಕೆಳಗಿನ ಆರ್ಮ್ ಹಾಗೂ ಒಂದು ಅಡ್ಡ ರಾಡ್ ಹಿಡಿದಿರುತ್ತವೆ. ಕೆಳಗಿನವು ಚಕ್ರದ ತಳ್ಳುವಿಕೆಯನ್ನು ಚಾಸಿಗೆ ಮುಟ್ಟಿಸುತ್ತವೆ. ಮೇಲಿನವು ಹೌಸಿಂಗ್ ತಿರುಚದಂತೆ ತಡೆಯುತ್ತವೆ. ಉಕ್ಕಿನ ಆರ್ಮ್ ಮುರಿಯುವುದು ವಿರಳ. ಮೊದಲು ಸವೆಯುವುದು ಅದರ ತುದಿಯ ಬುಷ್. ಗೇರ್ ಹಾಕಿದಾಗ ಕೇಳುವ 'ಟಕ್' ಸದ್ದು, ತಿರುವಿನಲ್ಲಿ ಹಿಂಭಾಗದ ಓಲಾಟ ಇದರ ಲಕ್ಷಣಗಳು.

ಮೂರು ಬಗೆ

1. ರಬ್ಬರ್ ಬುಷ್: ಸದ್ದಿಲ್ಲ, ಎಲ್ಲ ದಿಕ್ಕಿಗೂ ಬಾಗುತ್ತದೆ. ಪ್ರಯಾಣಿಕರ ವಾಹನಕ್ಕೆ ಇದೇ ಸೂಕ್ತ.

2. ಪಾಲಿಯುರೆಥೇನ್ ಬುಷ್: ಎಳೆತಕ್ಕೆ ಜಗ್ಗದು. ಆದರೆ ಹೊಂಡದಲ್ಲಿ ಒಂದು ಚಕ್ರ ಮೇಲೆದ್ದಾಗ ಆರ್ಮ್ ತಿರುಚಲು ಎಡೆಕೊಡದೆ ಚಾಸಿಯ ಬ್ರ್ಯಾಕೆಟ್ ಮೇಲೆ ಭಾರ ಹೇರುತ್ತದೆ; ಕಾಲಕಾಲಕ್ಕೆ ಗ್ರೀಸ್ ಕೂಡ ಬೇಕು.

3. ಗೋಲಾಕಾರದ ಲೋಹದ ಜಾಯಿಂಟ್: ನಿಖರ, ಆದರೆ ಸದ್ದು ಮಾಡುತ್ತದೆ. ಮಳೆನೀರು, ಕೆಸರಿಗೆ ಬೇಗ ಸವೆಯುವುದರಿಂದ ಸ್ಪರ್ಧೆಯ ಕಾರುಗಳಿಗೇ ಮೀಸಲು.

ಕಿಲೋಮೀಟರ್ ಲೆಕ್ಕ

ಉದಾಹರಣೆಗಾಗಿ ಅಗ್ಗದ ಸೆಟ್ಟಿಗೆ ರೂ. 8,000, ಉತ್ತಮ ಸೆಟ್ಟಿಗೆ ರೂ. 16,000 ಎಂದಿಟ್ಟುಕೊಳ್ಳೋಣ. ಎರಡಕ್ಕೂ ಕೂಲಿ ರೂ. 2,000, ಒಂದು ದಿನದ ಬಾಡಿಗೆ ನಷ್ಟ ರೂ. 4,000. ಮೊದಲನೆಯದು 40,000 ಕಿ.ಮೀ. ಬಾಳಿದರೆ ಕಿ.ಮೀ.ಗೆ 35 ಪೈಸೆ. ಎರಡನೆಯದು 1,00,000 ಕಿ.ಮೀ. ಬಾಳಿದರೆ 22 ಪೈಸೆ. ದುಬಾರಿ ಎನಿಸಿದ್ದೇ ಅಗ್ಗವಾಗುತ್ತದೆ. ಆದರೆ ಈ ಲೆಕ್ಕ ನಿಜವಾಗಬೇಕಾದರೆ ಬಾಳಿಕೆ ತಿಳಿದಿರಬೇಕು. ಆದುದರಿಂದ ಪ್ರತಿ ವಾಹನಕ್ಕೂ ಆರ್ಮ್ ಬದಲಿಸಿದ ದಿನಾಂಕ ಮತ್ತು ಮೀಟರ್ ಓದನ್ನು ಬರೆದಿಡುವುದು ಅವಶ್ಯ.

ತೆರಿಗೆ

ವಾಹನ ಬಿಡಿಭಾಗಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ಮರುಮಾರಾಟಕ್ಕೆ ಕೊಳ್ಳುವ ನೋಂದಾಯಿತ ವರ್ತಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ನೋಂದಣಿಯಿಲ್ಲದ ವಾಹನ ಮಾಲೀಕರಿಗೆ ತೆರಿಗೆಯೂ ವೆಚ್ಚವೇ. ಬಿಲ್ಲಿಲ್ಲದ ಸರಕಿನಲ್ಲಿ ಜಮೆಯೂ ಇಲ್ಲ, ಖಾತರಿ ಕೇಳಲು ಆಧಾರವೂ ಇಲ್ಲ.

ವರ್ತಕರು ಮತ್ತು ತಯಾರಕರ ಗಮನಕ್ಕೆ

ರಬ್ಬರ್ ಬುಷ್‌ನ ಬೋಲ್ಟನ್ನು ವಾಹನದ ಭಾರ ಚಕ್ರದ ಮೇಲಿರುವಾಗಲೇ ಅಂತಿಮವಾಗಿ ಬಿಗಿಯಬೇಕು. ಜ್ಯಾಕ್ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ ಇಳಿಸಿದೊಡನೆ ರಬ್ಬರ್ ತಿರುಚಿ ಬೇಗನೆ ಹರಿಯುತ್ತದೆ. ದೂರು ಮಾತ್ರ ಅಂಗಡಿಗೆ ಬರುತ್ತದೆ. ಈ ಸೂಚನೆಯನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸುವುದು ಲೇಸು. ಕೊಳವೆಯ ಆರ್ಮ್ ತಯಾರಿಸುವವರು ಬೆಸುಗೆಯನ್ನು ಪರೀಕ್ಷೆಗೊಳಪಡಿಸದೆ ಮಾರುಕಟ್ಟೆಗೆ ಬಿಡಬಾರದು. ಕರಾವಳಿಯ ಮಳೆಯಲ್ಲಿ ತುಕ್ಕು ಮೊದಲು ಹಿಡಿಯುವುದು ಬೆಸುಗೆಯನ್ನೇ. ಘಾಟಿಯ ತಿರುವಿನಲ್ಲಿ ಇದು ಕೈಕೊಟ್ಟರೆ ಆಗುವ ಹಾನಿಗೆ ಯಾವ ಖಾತೆಯಲ್ಲೂ ಜಮೆಯಿಲ್ಲ.