ರೇಡಿಯೋ, ಪತ್ರಿಕೆಗಳ ಮುಂದೆ ರೈತ: ಲೆಕ್ಕವಿಟ್ಟು ಮಾತನಾಡಿರಿ



ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2025ರಲ್ಲಿ 3 ಟನ್ ಕಾಯಿ ಅರಬ್ ಸಂಯುಕ್ತ ಸಂಸ್ಥಾನಕ್ಕೆ ರವಾನೆಯಾಯಿತು. ಇಂಥ ಹೆಸರು ಬಂದ ಬೆಳೆಯ ತೋಟಕ್ಕೆ ಪತ್ರಿಕೆಯವರು, ಆಕಾಶವಾಣಿಯವರು, ಮೊಬೈಲ್‌ನಲ್ಲಿ ಚಿತ್ರ ತೆಗೆಯುವವರು ಬರುವುದುಂಟು. ಬಿತ್ತುವ ಮೊದಲು ಹೊಲ ಹದ ಮಾಡುವಂತೆ, ಅವರ ಮುಂದೆ ಮಾತನಾಡುವ ಮೊದಲೂ ತಯಾರಿ ಬೇಕು.

ನಿಮ್ಮ ಮಾತಿನ ಹೊಣೆ

ರೈತನ ಮಾತನ್ನು ರೈತ ಬೇಗ ನಂಬುತ್ತಾನೆ. “ಎಕರೆಗೆ ಇಷ್ಟು ಲಕ್ಷ ಬಂತು” ಎಂದು ನೀವು ಹೇಳಿದ್ದನ್ನು ಓದಿ ಒಬ್ಬ ಒಕ್ಕಲಿಗನು ಸಾಲ ಮಾಡಿ ಕೊಳವೆ ಬಾವಿ ತೋಡಿಸಿ ಲಿಂಬೆ ಹಚ್ಚಬಹುದು. ಸಸಿ ನೆಟ್ಟ ಮೂರು, ನಾಲ್ಕು ವರ್ಷಗಳ ನಂತರವೇ ಫಸಲು ಬರುತ್ತದೆಂಬುದೂ, ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಳ್ಳಬೇಕಾಗುತ್ತದೆಂಬುದೂ ನಿಮಗೆ ಗೊತ್ತು. ನೀವು ಹೇಳದಿದ್ದರೆ ಅವನಿಗೆ ಹೇಗೆ ತಿಳಿಯಬೇಕು? ಆದುದರಿಂದ ಮಾರಾಟದ ಹಣದ ಜೊತೆಗೆ ಖರ್ಚನ್ನೂ, ಒಳ್ಳೆಯ ವರ್ಷದ ಜೊತೆಗೆ ಕೆಟ್ಟ ವರ್ಷವನ್ನೂ ಹೇಳಿರಿ.

ಮುಂಚಿತವಾಗಿ ಬರೆದಿಟ್ಟುಕೊಳ್ಳಬೇಕಾದವು

1. ಜಮೀನಿನ ವಿಸ್ತೀರ್ಣ, ಮಣ್ಣು, ನೀರಿನ ಮೂಲ.
2. ಗಿಡಗಳ ಸಂಖ್ಯೆ, ವಯಸ್ಸು, ಅಂತರ. 6×6 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 111 ಗಿಡ ಹಿಡಿಯುತ್ತವೆ.
3. ಗೊಬ್ಬರ, ಔಷಧಿ, ಕೂಲಿ, ಸಾಗಣೆಯ ಖರ್ಚು.
4. ಯಾವ ತಿಂಗಳಲ್ಲಿ ಎಷ್ಟು ಮಾರಿದಿರಿ, ಯಾವ ದರಕ್ಕೆ. ಬೇಸಿಗೆಯ ದರವನ್ನಷ್ಟೇ ಹೇಳಿದರೆ ಕೇಳುವವನು ವರ್ಷವಿಡೀ ಅದೇ ದರವೆಂದು ತಿಳಿದಾನು.

ಅಳತೆಯಲ್ಲಿ ಎಚ್ಚರ

ಹೆಚ್ಚಿನ ತಪ್ಪುಗಳು ನುಸುಳುವುದು ಅಳತೆಯಲ್ಲಿ. ಜೋಳದ ಇಳುವರಿ ಎಕರೆಗೆ 6 ಕ್ವಿಂಟಲ್ ಎಂದರೆ ಹೆಕ್ಟೇರಿಗೆ ಸುಮಾರು 15 ಕ್ವಿಂಟಲ್ ಆಗುತ್ತದೆ. ಯಾವ ಅಳತೆಯೆಂದು ಹೇಳದಿದ್ದರೆ ಲೆಕ್ಕ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಲಿಂಬೆಯನ್ನು ಡಾಗಿನ ಲೆಕ್ಕದಲ್ಲಿ ಹೇಳುವಾಗ ಒಂದು ಡಾಗಿನಲ್ಲಿ ಎಷ್ಟು ಕಾಯಿ ಎಂಬುದನ್ನೂ ತಿಳಿಸಿರಿ. ಹೊರಗಿನವರಿಗೆ ಅದು ತಿಳಿಯದು.

ಔಷಧಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಜ್ಜಿ ರೋಗಕ್ಕೆ ತಾಮ್ರದ ಆಕ್ಸಿಕ್ಲೋರೈಡ್ ಪ್ರಮಾಣ ಲೀಟರ್ ನೀರಿಗೆ 3 ಗ್ರಾಂ. ಅಂದರೆ 16 ಲೀಟರಿನ ಪಂಪಿಗೆ 48 ಗ್ರಾಂ. “ಪಂಪಿಗೆ 3 ಗ್ರಾಂ” ಎಂದು ಬಾಯಿತಪ್ಪಿದರೆ ಸಿಂಪರಣೆ ವ್ಯರ್ಥ, ರೋಗವೂ ಹಬ್ಬುತ್ತದೆ. ಪ್ರಮಾಣ ನೆನಪಿಲ್ಲದಿದ್ದರೆ “ನೋಡಿ ಹೇಳುತ್ತೇನೆ” ಎನ್ನಿರಿ. ಇದರಲ್ಲಿ ಅವಮಾನವೇನೂ ಇಲ್ಲ.

ಮಾತನಾಡುವಾಗ

ಹೊಸ ಬಟ್ಟೆ ಬೇಕಿಲ್ಲ, ಶುಭ್ರವಾಗಿದ್ದರೆ ಸಾಕು. ಪುಸ್ತಕದ ಭಾಷೆ ಬೇಡ. ಮನೆಯಲ್ಲಿ ಆಡುವ ಮಾತನ್ನೇ ನಿಧಾನವಾಗಿ, ಸ್ಪಷ್ಟವಾಗಿ ಆಡಿರಿ. ಮೈಕಿನಿಂದ ಒಂದು ಗೇಣು ದೂರವಿರಿ. ಮುಖ್ಯವಾದ ಎರಡು, ಮೂರು ವಿಷಯಗಳನ್ನು ಮೊದಲೇ ಹೇಳಿಬಿಡಿರಿ, ಸಮಯ ಮುಗಿದರೂ ಅವು ಉಳಿಯುತ್ತವೆ. ವರದಿಗಾರರು ಬರೆದುಕೊಂಡ ಅಂಕಿಗಳನ್ನು ಒಮ್ಮೆ ಓದಿ ಹೇಳುವಂತೆ ವಿನಂತಿಸಿರಿ. ಕಾಯಿ ಆಯುವ, ವಿಂಗಡಿಸುವ ಕೆಲಸ ಮಾಡಿದ ಹೆಣ್ಣುಮಕ್ಕಳಿಗೂ ಮಾತನಾಡಲು ಅವಕಾಶ ಕೊಡಿರಿ. ಆ ಕೆಲಸದ ಸೂಕ್ಷ್ಮ ಅವರಿಗೇ ಚೆನ್ನಾಗಿ ಗೊತ್ತು.

ಕೇಳುವಾಗ, ಓದುವಾಗ

ಇದೇ ಜರಡಿಯಲ್ಲಿ ಇತರರ ಮಾತನ್ನೂ ಸೋಸಿರಿ. ಹೇಳುವವನು ಯಾರು? ಅವನ ಮಣ್ಣು, ಮಳೆ ನಮ್ಮಂತೆಯೇ ಇವೆಯೇ? ಹೇಳಿದ್ದು ಲಾಭವೋ, ಬರಿಯ ಮಾರಾಟದ ಮೊತ್ತವೋ? ಅವನು ಸಸಿ, ಗೊಬ್ಬರ ಅಥವಾ ಔಷಧಿ ಮಾರುವವನೇ? ಸುದ್ದಿಯ ರೂಪದಲ್ಲಿ ಜಾಹೀರಾತು ಬರುವುದುಂಟು. ಮೊಬೈಲಿಗೆ ಬಂದ ಔಷಧಿ ಸಲಹೆಯನ್ನು ಇಡೀ ತೋಟಕ್ಕೆ ಹಾಕುವ ಮೊದಲು ಇಂಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ. ಕರೆಗೆ ಹಣ ಬೀಳುವುದಿಲ್ಲ.

ಇಂದೇ ಒಂದು ನೋಟುಪುಸ್ತಕ ತಂದು ತೋಟದ ಲೆಕ್ಕ ಬರೆಯಲು ಆರಂಭಿಸಿರಿ. ಮೈಕು ಎದುರಿಗೆ ಬಂದ ದಿನ ಅದನ್ನು ನೋಡಿ ಧೈರ್ಯವಾಗಿ ಮಾತನಾಡಬಹುದು. ಯಾರೂ ಬರದಿದ್ದರೂ ನಿಮ್ಮ ಬೇಸಾಯದ ಲಾಭನಷ್ಟ ನಿಮಗೇ ತಿಳಿಯುತ್ತದೆ.