ವಿಂಚ್ ಕೂರಿಸುವ ದಿಕ್ಕು ಮತ್ತು ಬೇರಿಂಗ್ ಸವೆತ: ಒಂಬತ್ತನೇ ತರಗತಿಗೊಂದು ಚಟುವಟಿಕೆ ಪಾಠ

ಅಭ್ಯಾಸ ಬೋಧನೆಗಾಗಿ ನಾನು ಒಂಬತ್ತನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಅಧ್ಯಾಯದಿಂದ ಸಂತುಲಿತ ಮತ್ತು ಅಸಂತುಲಿತ ಬಲಗಳ ಭಾಗವನ್ನು ಆರಿಸಿಕೊಂಡೆ. ಶಾಲೆ ಮಹಾಲಕ್ಷ್ಮಿ ಲೇಔಟ್‌ನಲ್ಲಿದೆ. ರಾಜಾಜಿನಗರದ ಕೈಗಾರಿಕಾ ಪ್ರದೇಶ ಹತ್ತಿರದಲ್ಲೇ ಇದೆ. ಪೀಣ್ಯಕ್ಕೆ ಮೆಟ್ರೋದಲ್ಲಿ ಕೆಲವೇ ನಿಲ್ದಾಣ. ತರಗತಿಯ ಹಲವು ಮಕ್ಕಳ ಮನೆಯವರು ಲೇತ್, ಗಿಯರ್ ಕಟಿಂಗ್ ಕೆಲಸದಲ್ಲಿದ್ದಾರೆ. ಆ ಮನೆಗಳ ತಿಳಿವಳಿಕೆಗೆ ಪಾಠದಲ್ಲಿ ಜಾಗ ಸಿಗಬೇಕು ಎಂಬುದು ನನ್ನ ಉದ್ದೇಶವಾಗಿತ್ತು.

ಉದಾಹರಣೆಯಾಗಿ ಹಾಯಿದೋಣಿಯ ವಿಂಚನ್ನು ತೆಗೆದುಕೊಂಡೆ. ಅದನ್ನು ಯಾವ ಮಗುವೂ ನೋಡಿರಲಿಲ್ಲ. ಆದ್ದರಿಂದ ಬಾಯಿಪಾಠದ ಉತ್ತರ ಯಾರಲ್ಲಿಯೂ ಇರಲಿಲ್ಲ.

ತೊಡಗಿಸಿಕೊಳ್ಳುವ ಹಂತ

2017ರ ಸೆಪ್ಟೆಂಬರ್ 10ರಂದು ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಜಗತ್ತನ್ನು ಸುತ್ತಿ, 2018ರ ಮೇ 21ರಂದು ಮರಳಿದರು. ಈ ಸಂಗತಿ ಹೇಳಿ ಕೇಳಿದೆ: ‘ಗಾಳಿ ತುಂಬಿದ ಹಾಯಿಯ ಹಗ್ಗವನ್ನು ಬರಿಗೈಯಲ್ಲಿ ಎಳೆಯಲಾದೀತೇ?’ ಆಗ ವಿಂಚ್‌ನ ಚಿತ್ರ ಬರೆದೆ. ಹಗ್ಗವನ್ನು ಡ್ರಮ್ಮಿಗೆ ಸುತ್ತಿ ಹಿಡಿ ತಿರುಗಿಸುತ್ತಾರೆ. ಒಳಗಿನ ಸಣ್ಣ ಗಿಯರ್, ಡ್ರಮ್ಮಿನ ಒಳಸುತ್ತಿನ ಹಲ್ಲುಗಳನ್ನು ತಳ್ಳುತ್ತದೆ. ಡ್ರಮ್ ನಡುವಿನ ಕಂಬದ ಮೇಲೆ, ಬೇರಿಂಗುಗಳ ಆಧಾರದಲ್ಲಿ ತಿರುಗುತ್ತದೆ. ನಡುಸಮುದ್ರದಲ್ಲಿ ಬೇರಿಂಗ್ ಕೆಟ್ಟರೆ ಯಾವ ವರ್ಕ್‌ಶಾಪಿಗೂ ಹೋಗುವಂತಿಲ್ಲ.

ಮುಖ್ಯ ಪ್ರಶ್ನೆ: ವಿಂಚನ್ನು ದೋಣಿಯ ಮೇಲೆ ಯಾವ ದಿಕ್ಕಿಗೆ ತಿರುಗಿಸಿ ಬೋಲ್ಟ್ ಹಾಕಿದರೂ ಡ್ರಮ್ ತಿರುಗುತ್ತದೆ. ಹಾಗಾದರೆ ದಿಕ್ಕಿನಿಂದ ಏನು ವ್ಯತ್ಯಾಸ?

ಪರಿಶೋಧಿಸುವ ಹಂತ

ಸಾಮಗ್ರಿ: ಅಂಚಿರುವ ಅಗಲ ಡಬ್ಬಿ ಮುಚ್ಚಳ, ಪೆನ್ಸಿಲ್, ದಾರ, ಅಂಟುಪಟ್ಟಿ, ಮೂರು ಸ್ಪ್ರಿಂಗ್ ತ್ರಾಸು. ಮುಚ್ಚಳದ ನಡುವೆ ರಂಧ್ರ ಮಾಡಿ ಪೆನ್ಸಿಲ್ ತೂರಿಸಿ. ಅಂಚಿಗೆ ಎರಡು ದಾರಗಳನ್ನು ಅಂಟಿಸಿ ಸುತ್ತಿ. ಒಂದು ಹಾಯಿಯ ಹಗ್ಗ, ಇನ್ನೊಂದು ಗಿಯರಿನ ತಳ್ಳುವಿಕೆ. ಮೂರನೆಯ ತ್ರಾಸಿನ ದಾರವನ್ನು ಮುಚ್ಚಳಕ್ಕೆ ಅಂಟಿದಂತೆ ಪೆನ್ಸಿಲ್ಲಿಗೆ ಕಟ್ಟಿ. ಬೇರಿಂಗ್ ಹೊರುವ ಬಲವನ್ನು ಅದು ತೋರಿಸುತ್ತದೆ.

ಮೊದಲ ಜೋಡಣೆ: ಎರಡೂ ದಾರಗಳು ಮುಚ್ಚಳದ ಒಂದೇ ಬದಿಯಿಂದ ಹೊರಡುತ್ತವೆ, ಒಂದು ಬಲಕ್ಕೆ, ಒಂದು ಎಡಕ್ಕೆ. ಎರಡರಲ್ಲೂ 2 ನ್ಯೂಟನ್ ಎಳೆದಾಗ ಮುಚ್ಚಳ ತಿರುಗುವುದಿಲ್ಲ. ಪೆನ್ಸಿಲ್ಲಿನ ದಾರ ಸಡಿಲವಾಗಿಯೇ ಇರುತ್ತದೆ.

ಎರಡನೆಯ ಜೋಡಣೆ: ಗಿಯರಿನ ದಾರ ಎದುರು ಬದಿಯಿಂದ ಹೊರಟು, ಹಗ್ಗದಂತೆಯೇ ಬಲಕ್ಕೆ ಹೋಗುತ್ತದೆ. ಆಗಲೂ ಮುಚ್ಚಳ ತಿರುಗುವುದಿಲ್ಲ. ಆದರೆ ಪೆನ್ಸಿಲ್ಲನ್ನು ತಡೆದು ಹಿಡಿಯಲು 4 ನ್ಯೂಟನ್ ಬೇಕು.

ತ್ರಾಸು ಓದುವ ಮೊದಲೇ ಪ್ರತಿ ಗುಂಪಿನಿಂದ ಊಹೆ ಬರೆಸಿದೆ. ಹೆಚ್ಚಿನವರು ‘ಎರಡರಲ್ಲೂ ಒಂದೇ’ ಎಂದು ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ, ‘ಮಿಸ್, ಎದುರು ಕಡೆ ಹಾಕಿದ್ರೆ ಒಂದೇ ಸೈಡು ತಿಂದುಹೋಗುತ್ತೆ’ ಎಂದ. ‘ಹೇಗೆ ಗೊತ್ತಾಯಿತು?’ ಎಂದು ಕೇಳಿದ್ದಕ್ಕೆ, ‘ಅಪ್ಪ ಬಿಚ್ಚಿದ ಬುಶ್ ನೋಡಿದ್ದೀನಿ’ ಎಂದ. ಅವನನ್ನೇ ಮೂರನೆಯ ತ್ರಾಸು ಹಿಡಿಯಲು ಕರೆದೆ.

ವಿವರಿಸುವ ಹಂತ

ತಿರುಗಿಸುವ ಪರಿಣಾಮ ಸಮವಾಗಿದ್ದ ಮಾತ್ರಕ್ಕೆ ಬಲಗಳು ಸಂತುಲಿತವಾಗಿವೆ ಎಂದಾಗದು. ಮೊದಲ ಜೋಡಣೆಯಲ್ಲಿ ಎರಡು ಬಲಗಳೂ ಒಂದನ್ನೊಂದು ಕಳೆಯುತ್ತವೆ, ಎರಡನೆಯದರಲ್ಲಿ ಕೂಡಿಕೊಳ್ಳುತ್ತವೆ. ಆ ಮೊತ್ತವನ್ನು ನಡುವಿನ ಕಂಬ ಹೊರಬೇಕು. ಕಂಬ ತಿರುಗದೆ ನಿಂತಿರುವುದರಿಂದ ಒತ್ತಡ ಸದಾ ಅದರ ಒಂದೇ ಬದಿಗೆ ಬಿದ್ದು ಆ ಬದಿ ಸವೆಯುತ್ತದೆ. ಆದ್ದರಿಂದಲೇ ಹಗ್ಗ ಡ್ರಮ್ಮನ್ನು ಮುಟ್ಟುವ ಜಾಗದ ಒಳಬದಿಗೆ ಚಾಲಕ ಗಿಯರ್ ಬರುವಂತೆ ವಿಂಚನ್ನು ತಿರುಗಿಸಿ ಕೂರಿಸಬೇಕು.

ವಿಸ್ತರಿಸುವ ಹಂತ

ಇದು ವೇಗವಾಗಿ ಕಲಿಯುವ ಮಕ್ಕಳಿಗೆ. ಡ್ರಮ್ಮಿನ ತ್ರಿಜ್ಯ 40 ಮಿ.ಮೀ., ಒಳಹಲ್ಲಿನ ಸುತ್ತಿನ ತ್ರಿಜ್ಯ 32 ಮಿ.ಮೀ., ಹಗ್ಗದ ಎಳೆತ 1000 ನ್ಯೂಟನ್ ಎಂದಿಟ್ಟುಕೊಳ್ಳೋಣ. ಘರ್ಷಣೆಯನ್ನೂ ಹಗ್ಗದ ಹಿಂತುದಿಯ ಎಳೆತವನ್ನೂ ಬಿಟ್ಟರೆ ಗಿಯರಿನ ಬಲ 1000 × 40 ÷ 32 = 1250 ನ್ಯೂಟನ್. ಗಿಯರ್ ಹಗ್ಗದ ಬದಿಯಲ್ಲಿದ್ದರೆ ಕಂಬದ ಮೇಲೆ 1250 − 1000 = 250 ನ್ಯೂಟನ್; ಎದುರು ಬದಿಯಲ್ಲಿದ್ದರೆ 1250 + 1000 = 2250 ನ್ಯೂಟನ್. ಯಂತ್ರ ಅದೇ, ಹಗ್ಗ ಅದೇ, ಹೊರೆ ಮಾತ್ರ ಒಂಬತ್ತು ಪಟ್ಟು.

ಇನ್ನೆರಡು ಎಚ್ಚರಿಕೆಗಳನ್ನೂ ಚರ್ಚಿಸಬಹುದು. ವಿಂಚ್ ಕೂರುವ ಜಾಗ ಸಮತಟ್ಟಾಗಿರಬೇಕು. ಉಬ್ಬುತಗ್ಗಿನ ಮೇಲೆ ಬೋಲ್ಟ್ ಬಿಗಿದರೆ ತಳ ಸೊಟ್ಟಗಾಗಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಹಗ್ಗ ತುಸು ಕೆಳಗಿನಿಂದ ಡ್ರಮ್ಮಿಗೆ ಬರಬೇಕು. ಇಲ್ಲವಾದರೆ ಸುತ್ತಿನ ಮೇಲೆ ಸುತ್ತು ಹತ್ತಿ ಸಿಕ್ಕಿಕೊಳ್ಳುತ್ತದೆ.

ಮೌಲ್ಯಮಾಪನ

ವ್ಯಾಖ್ಯೆ ಬರೆಯಿರಿ ಎಂಬ ಪ್ರಶ್ನೆ ಇಲ್ಲಿ ಸಾಲದು. ವೃತ್ತವೊಂದನ್ನು, ಹಗ್ಗದ ಬಾಣವೊಂದನ್ನು ಕೊಟ್ಟು ಮೂರು ಕೆಲಸ ಹೇಳಿದೆ: ಗಿಯರಿನ ಜಾಗ ಗುರುತಿಸಿ, ಅದರ ಬಲದ ಬಾಣ ಎಳೆಯಿರಿ, ಕಂಬ ಸವೆಯುವ ಬದಿಗೆ ಬಣ್ಣ ಹಚ್ಚಿ. ಹಿಂದಿನ ಬೆಂಚಿನ ಆ ಹುಡುಗ ಮೂರನ್ನೂ ಸರಿಯಾಗಿ ಮಾಡಿದ. ‘ಅಸಂತುಲಿತ ಬಲ’ ಎಂಬ ಪದ ಅವನ ಹಾಳೆಯಲ್ಲಿರಲಿಲ್ಲ. ಮರುದಿನ ಅವನದೇ ಚಿತ್ರ ತೋರಿಸಿ ಆ ಪದವನ್ನು ಹೇಳಿಕೊಟ್ಟೆ.

ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಹಿಂದಿನ ತರಗತಿಯ ಪಾಠದ ಹೆಸರನ್ನು ಬರೆಯುತ್ತೇವೆ. ಮಕ್ಕಳು ಮನೆಯಲ್ಲಿ, ಬೀದಿಯಲ್ಲಿ, ವರ್ಕ್‌ಶಾಪಿನಲ್ಲಿ ಕಂಡದ್ದಕ್ಕೂ ಅಲ್ಲಿ ಒಂದು ಸಾಲು ಇರಲಿ ಎಂದು ಸಹ ಪ್ರಶಿಕ್ಷಣಾರ್ಥಿಗಳಲ್ಲಿಯೂ ಮಾರ್ಗದರ್ಶಕ ಉಪನ್ಯಾಸಕರಲ್ಲಿಯೂ ನನ್ನ ವಿನಂತಿ.